ಕಸ ಗುಡಿಸುವ ಮುಂಚೆ ಬೀಜದ ಗಡಿಗೆ ಎತ್ತಿಡಿ

2020ರ ಫೆಬ್ರುವರಿಯ ಒಂದು ಮಧ್ಯಾಹ್ನ ಮಲಪ್ರಭಾ ದಂಡೆಯ ಹಳ್ಳಿಯೊಂದರಿಂದ ಅಜ್ಜಿಯೊಬ್ಬರು ಮಗನನ್ನು ಕರೆದುಕೊಂಡು ಬಸ್ಸು ಹತ್ತಿ ನಮ್ಮ ಕೋಣೆ ಹುಡುಕುತ್ತ ಬಂದಿದ್ದರು. ಕೋಣೆ ಅಂದರೆ ದೊಡ್ಡದೇನಲ್ಲ. ಬೇರೆ ಬೇರೆ ಪತ್ರಿಕೆಗಳಿಗೆ ಸುದ್ದಿ ಕಳಿಸುವ ನಾವು ಮೂವರು ಸ್ಟ್ರಿಂಗರ್‌ಗಳು ಬಾಡಿಗೆ ಹಂಚಿಕೊಂಡು ಹಿಡಿದ ಜಾಗ. ಒಂದು ಕಂಪ್ಯೂಟರ್, ಒಂದು ಮೇಜು, ಮೂರು ಕುರ್ಚಿ. ಅಜ್ಜಿ ನೀರು ಕುಡಿದು ಸುಧಾರಿಸಿಕೊಂಡು ಕೇಳಿದರು: “ತಮ್ಮಾ, ಹೊಳಿ ಬಂದಾಗ ನೀವು ನಮ್ಮನಿ ಮುಂದ ನಿಂತು ಫೋಟೋ ಹೊಡ್ಕೊಂಡು ಹೋಗಿದ್ರೆಲ್ಲಾ, ಅದನ್ನೊಂದು ತೆಗೆದು ಕೊಡ್ರಪಾ.”

ಹೊಳೆ ಬಂದದ್ದು 2019ರ ಆಗಸ್ಟ್‌ನಲ್ಲಿ. ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು ದಂಡೆಯ ಹಳ್ಳಿಗಳಿಗೆ ನುಗ್ಗಿತ್ತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂದಿತ್ತು. ನೀರು ಇಳಿದ ಮಾರನೇ ದಿನ ನಾವು ಆ ಊರಿಗೆ ಹೋಗಿದ್ದೆವು. ಅಜ್ಜಿಯ ಮನೆಯ ಮುಂದಿನ ಗೋಡೆ ಮತ್ತು ಬಾಗಿಲು ನಿಂತಿದ್ದವು, ಹಿಂದೆ ಪೂರ್ತಿ ಮಣ್ಣಿನ ಗುಡ್ಡೆ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರ್ಕಾರ ಹೇಳಿತ್ತು. ಹಾನಿ ನೋಡಿ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಸಮೀಕ್ಷೆಯವರು ಬರುವ ಹೊತ್ತಿಗೆ ಅಜ್ಜಿಯ ಮಗ ಮಣ್ಣು ಎತ್ತಿ ಹಾಕಿ, ನಾಲ್ಕು ತಗಡು ಹೊದಿಸಿ, ಮಕ್ಕಳನ್ನು ಒಳಗೆ ಮಲಗಿಸಿದ್ದ. ಮನೆ ಸಿ ಪಟ್ಟಿಗೆ ಹೋಯಿತು. ತಕರಾರು ಅರ್ಜಿ ಕೊಡಲು ಹೋದಾಗ “ಬಿದ್ದದ್ದಕ್ಕೆ ಏನಾದರೂ ಪುರಾವೆ ಇದ್ದರೆ ತನ್ನಿ” ಎಂದಿದ್ದರಂತೆ. ಆಗ ಅಜ್ಜಿಗೆ ನಾವು ನೆನಪಾಗಿದ್ದೆವು.

ಫೋಟೋ ನಮ್ಮ ಹತ್ತಿರ ಇರಲಿಲ್ಲ. ಮೂರು ವಾರದ ಹಿಂದೆ ನಾವೇ ಕಂಪ್ಯೂಟರನ್ನು “ಕ್ಲೀನ್” ಮಾಡಿದ್ದೆವು.

ನಡೆದದ್ದು ಇಷ್ಟು. ಕಂಪ್ಯೂಟರ್ ಕುಂಟುತ್ತಿತ್ತು. ನುಡಿ ತೆರೆದರೆ ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ಸಿ ಡ್ರೈವ್‌ನ ಪಟ್ಟಿ ಕೆಂಪಾಗಿತ್ತು. ಯಾರೋ ಹೇಳಿದರೆಂದು ಪುಕ್ಕಟೆ ಸಿಗುವ ಒಂದು ಕ್ಲೀನರ್ ಸಾಫ್ಟ್‌ವೇರ್ ಇಳಿಸಿಕೊಂಡೆವು. ಅದು ಎರಡು ನಿಮಿಷ ತಿರುಗಿ, ಇಷ್ಟು ಜಿಬಿ ಕಸ ಇದೆ ಎಂದು ದೊಡ್ಡ ಅಕ್ಷರದಲ್ಲಿ ತೋರಿಸಿ, ಕೆಳಗೊಂದು ಹಸಿರು ಬಟನ್ ಕೊಟ್ಟಿತು. ಜಾಸ್ತಿ ಜಾಗ ಸಿಗಲಿ ಎಂದು ಇದ್ದ ಚೌಕಗಳಿಗೆಲ್ಲ ಟಿಕ್ ಹಾಕಿ ಬಟನ್ ಒತ್ತಿದೆವು. ಒತ್ತಿದ್ದು ಯಾರು ಎಂದು ಇಲ್ಲಿ ಬರೆಯುವುದಿಲ್ಲ. ಮೂವರೂ ಪಕ್ಕದಲ್ಲೇ ನಿಂತಿದ್ದೆವು. ಟಿಕ್ ಹಾಕಿದ ಚೌಕಗಳಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ಒಂದು, ರೀಸೈಕಲ್ ಬಿನ್ ಇನ್ನೊಂದು. ನೆರೆಯ ಸುಮಾರು ಇನ್ನೂರು ಫೋಟೋ ಡೌನ್‌ಲೋಡ್ಸ್‌ನಲ್ಲಿದ್ದವು. ಫೋನಿನ ಮೆಮೊರಿ ತುಂಬಿತ್ತೆಂದು ಅವನ್ನು ಫೋನಿನಿಂದ ‘ಕಟ್’ ಮಾಡಿ ತಂದು ಅಲ್ಲಿ ಹಾಕಿದ್ದೆವು. ಆಮೇಲೆ ಬೇರೆ ಫೋಲ್ಡರ್ ಮಾಡೋಣ ಎಂದುಕೊಂಡವರು ಮರೆತಿದ್ದೆವು. ಪತ್ರಿಕೆಗೆ ಕಳಿಸಿದ್ದು ನಾಲ್ಕು, ಅಚ್ಚಾಗಿದ್ದು ಒಂದು. ಆ ನಾಲ್ಕರಲ್ಲಿ ಅಜ್ಜಿಯ ಮನೆ ಇರಲಿಲ್ಲ.

ಫೋಟೋ ಇದ್ದಿದ್ದರೆ ಪಟ್ಟಿ ಬದಲಾಗಿಯೇ ಬಿಡುತ್ತಿತ್ತು ಎಂದು ನಾವು ಹೇಳುವುದಿಲ್ಲ. ಕಚೇರಿಗಳು ನಮಗೂ ಗೊತ್ತು. ಆದರೆ ಆ ಅರ್ಜಿಯ ಜೊತೆ ಇಡಬಹುದಾಗಿದ್ದ ಒಂದೇ ಕಾಗದವನ್ನು ನಾವು ಕಸವೆಂದು ಬಿಸಾಡಿದ್ದೆವು. ಅಜ್ಜಿ ಬೈಯಲಿಲ್ಲ. “ಇರಲಿ ಬಿಡಪಾ, ನಿಮ್ಮ ಮಷಿನ್ನೂ ಹೊಳ್ಯಾಗ ಹೋದಂಗಾತು” ಅಂದು ಎದ್ದರು. ಅರ್ಜಿ ಕೊಟ್ಟರು, ಪಟ್ಟಿ ಬದಲಾಗಲಿಲ್ಲ.

ಆವತ್ತಿನಿಂದ ನಮ್ಮದೊಂದು ಖಚಿತ ಅಭಿಪ್ರಾಯ. ಬ್ಯಾಕಪ್ ಇಲ್ಲದ ಕಂಪ್ಯೂಟರಿನಲ್ಲಿ ಕ್ಲೀನರ್ ಓಡಿಸಬಾರದು. ಅದು ಎಷ್ಟೇ ನಿಧಾನವಾಗಿರಲಿ, ಅಂಗಡಿಯವನು ಎಷ್ಟೇ ಧೈರ್ಯ ಹೇಳಲಿ. ಮೊದಲು ಪ್ರತಿ, ಆಮೇಲೆ ಪೊರಕೆ.

ನಮ್ಮ ಮನೆಗಳಲ್ಲಿ ಇದು ಹೊಸ ಬುದ್ಧಿಯೇನಲ್ಲ. ಮಹಾನವಮಿಗೆ ಮುಂಚೆ ಮನೆ ಸಾರಿಸಿ ಸುಣ್ಣ ಬಳಿಯುವಾಗ ಅವ್ವಂದಿರು ಮೊದಲು ಮಾಡುವ ಕೆಲಸ ಯಾವುದು? ಟ್ರಂಕಿನಿಂದ ಹೊಲದ ಕಾಗದ, ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ ತೆಗೆದು ಪಕ್ಕದ ಮನೆಯಲ್ಲೋ ದೇವರ ಜಗಲಿಯ ಮೇಲೋ ಇಟ್ಟು, ಆಮೇಲೆ ಕಸಬರಿಗೆ ಹಿಡಿಯುತ್ತಾರೆ. ಬಿತ್ತುವ ಬೀಜವನ್ನೂ ಉಣ್ಣುವ ಜೋಳದ ಜೊತೆ ಇಡುತ್ತಿರಲಿಲ್ಲ. ಅದಕ್ಕೆ ಬೂದಿ ಬೆರೆಸಿ, ಗಡಿಗೆಗೆ ತುಂಬಿ, ಬಾಯಿ ಮೆತ್ತಿ ಬೇರೆ ಕಡೆ ಇಡುತ್ತಿದ್ದರು. ಹಗೇವಿಗೆ ನೀರು ಹೊಕ್ಕರೂ ಮುಂದಿನ ಬಿತ್ತನೆ ನಿಲ್ಲಬಾರದು ಎಂಬ ಲೆಕ್ಕ ಅದು. ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ಓದಿದ ನಾವು ಆ ಲೆಕ್ಕ ಮರೆಯುತ್ತೇವೆ.

ಕ್ಲೀನರ್‌ಗೆ ಕಸ ಯಾವುದು ಅನ್ನುವುದು ಗೊತ್ತಿರುವುದಿಲ್ಲ. ಅದು ನೋಡುವುದು ಫೋಲ್ಡರಿನ ಹೆಸರು, ಫೈಲಿನ ವಯಸ್ಸು, ಗಾತ್ರ. ಬ್ರೌಸರ್‌ನ ಕ್ಯಾಶ್, ಟೆಂಪ್ ಫೈಲುಗಳು ಹೋದರೆ ನಷ್ಟವಿಲ್ಲ ನಿಜ. ಆದರೆ ಮೇಲಿನಲ್ಲಿ ಬಂದ ವರದಿಯನ್ನು ಅಲ್ಲೇ ತೆರೆದು, ತಿದ್ದಿ, ಸೇವ್ ಒತ್ತಿ ಮುಚ್ಚುವವರು ನಮ್ಮಲ್ಲಿ ಎಷ್ಟೋ ಜನ. ಹಾಗೆ ತಿದ್ದಿದ ಪ್ರತಿ ಎಷ್ಟೋ ಸಲ ಟೆಂಪ್ ಫೋಲ್ಡರಿನಲ್ಲೇ ಉಳಿದಿರುತ್ತದೆ. ಬ್ರೌಸರ್ ಸ್ವಚ್ಛ ಮಾಡುವಾಗ ಸೇವ್ ಮಾಡಿದ ಪಾಸ್‌ವರ್ಡುಗಳೂ ಹೋಗಬಹುದು. “ಬಹಳ ದಿನ ಬಳಸಿಲ್ಲ” ಎಂದು ನುಡಿಯನ್ನೋ ಬರಹವನ್ನೋ ತೆಗೆದುಹಾಕಿದರೆ ಅವುಗಳ ಹಳೆಯ ಫಾಂಟಿನಲ್ಲಿ ಬರೆದಿಟ್ಟ ಕಡತಗಳು ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿ ತೆರೆದುಕೊಳ್ಳುತ್ತವೆ. ಅಕ್ಷರ ಹೋಗಿರುವುದಿಲ್ಲ, ಫಾಂಟ್ ಮತ್ತೆ ಹಾಕಿದರೆ ಓದಬಹುದು. ಅದು ಗೊತ್ತಿಲ್ಲದೆ ಫೈಲು ಕೆಟ್ಟಿದೆ ಎಂದು ಅಳಿಸಿಬಿಟ್ಟವರನ್ನು ನಾವು ನೋಡಿದ್ದೇವೆ.

ಪುಕ್ಕಟೆ ಸಾಫ್ಟ್‌ವೇರ್ ಬಿಟ್ಟು ಹೆಸರುವಾಸಿಯಾದದ್ದನ್ನು ಬಳಸಿದರೆ ಸಾಕು ಅನ್ನುವವರಿಗೆ ಎರಡು ಉದಾಹರಣೆ. 2017ರಲ್ಲಿ ಸಿಸಿಕ್ಲೀನರ್ ಎಂಬ ಜನಪ್ರಿಯ ಕ್ಲೀನರ್‌ನ 5.33 ಆವೃತ್ತಿಯೊಳಗೇ ಹ್ಯಾಕರ್‌ಗಳು ದುಷ್ಟ ಕೋಡ್ ಸೇರಿಸಿದ್ದರು. ಕಂಪನಿಯ ಸ್ವಂತ ಸರ್ವರ್‌ನಿಂದಲೇ ಅದು ಜನರಿಗೆ ಹೋಯಿತು. ಆಗಸ್ಟ್‌ನಲ್ಲಿ ಬಿಡುಗಡೆಯಾದದ್ದು ಸೆಪ್ಟೆಂಬರ್‌ನಲ್ಲಿ ಬಯಲಾಗುವ ಹೊತ್ತಿಗೆ 22 ಲಕ್ಷಕ್ಕೂ ಹೆಚ್ಚು ಮಂದಿಯ ಕಂಪ್ಯೂಟರಿನಲ್ಲಿ ಆ ಆವೃತ್ತಿ ಇತ್ತು. ಎರಡನೆಯದು ವಿಂಡೋಸ್‌ನದೇ. 2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1809 ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಮತ್ತು ಪಿಕ್ಚರ್ಸ್ ಫೋಲ್ಡರಿನ ಫೈಲುಗಳನ್ನೇ ಅಳಿಸಿತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ತಡೆದು, ಸರಿಪಡಿಸಿ, ನವೆಂಬರ್‌ನಲ್ಲಿ ಮತ್ತೆ ಬಿಟ್ಟಿತು. ಅದೇ ಆವೃತ್ತಿಯ ಡಿಸ್ಕ್ ಕ್ಲೀನಪ್ ಪಟ್ಟಿಗೆ ಡೌನ್‌ಲೋಡ್ಸ್ ಫೋಲ್ಡರ್ ಹೊಸದಾಗಿ ಸೇರಿಕೊಂಡಿತ್ತು. ವರ್ಷಗಳಿಂದ ಕಣ್ಣುಮುಚ್ಚಿ ಎಲ್ಲಕ್ಕೂ ಟಿಕ್ ಹಾಕುತ್ತಿದ್ದವರು ಫೈಲು ಕಳೆದುಕೊಂಡರು. ಆಮೇಲೆ ಅದನ್ನು ಪಟ್ಟಿಯಿಂದ ತೆಗೆದರು. ರಿಜಿಸ್ಟ್ರಿ ಸ್ವಚ್ಛ ಮಾಡುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ತಾನೇ ಹೇಳಿದೆ. ಅದು ಕೆಟ್ಟರೆ ಕೆಲವೊಮ್ಮೆ ವಿಂಡೋಸನ್ನೇ ಹೊಸದಾಗಿ ಹಾಕಬೇಕಾಗುತ್ತದೆ.

ಬ್ಯಾಕಪ್ ಇದೆ ಎಂದು ನಂಬಿಕೊಂಡಿರುವವರ ಕಷ್ಟ ಇನ್ನೊಂದು ಬಗೆಯದು. ನಮ್ಮ ಸುತ್ತಮುತ್ತ ಐದು ನಂಬಿಕೆಗಳಿವೆ.

ಮೊದಲನೆಯದು, “ಡಿ ಡ್ರೈವ್‌ನಲ್ಲಿ ಇಟ್ಟಿದ್ದೇನೆ, ಚಿಂತೆ ಇಲ್ಲ.” ಸಾಮಾನ್ಯವಾಗಿ ಸಿ ಮತ್ತು ಡಿ ಎರಡೂ ಒಂದೇ ಹಾರ್ಡ್ ಡಿಸ್ಕಿನ ಎರಡು ಭಾಗ. ಒಂದೇ ಕೋಣೆಗೆ ನಡುವೆ ತಟ್ಟಿ ಕಟ್ಟಿದ ಹಾಗೆ. ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದಾಗ ಡಿ ಉಳಿಯಬಹುದು. ಡಿಸ್ಕೇ ಸುಟ್ಟರೆ, ಕಂಪ್ಯೂಟರ್ ಕಳುವಾದರೆ ಎರಡೂ ಹೋದವು.

ಎರಡನೆಯದು, “ರೀಸ್ಟೋರ್ ಪಾಯಿಂಟ್ ಇದೆ.” ಅದು ವಿಂಡೋಸ್‌ನ ಸಿಸ್ಟಂ ಫೈಲು, ಸೆಟ್ಟಿಂಗ್‌ಗಳನ್ನು ಹಿಂದಿನ ಸ್ಥಿತಿಗೆ ತರುತ್ತದೆ. ನಿಮ್ಮ ಫೋಟೋ, ವರದಿ, ಆಡಿಯೋಗಳನ್ನು ತಂದುಕೊಡುವುದು ಅದರ ಕೆಲಸವಲ್ಲ.

ಮೂರನೆಯದು, “ಡ್ರೈವ್‌ಗೆ ಸಿಂಕ್ ಆಗುತ್ತಿದೆ.” ಗೂಗಲ್ ಡ್ರೈವ್, ಒನ್‌ಡ್ರೈವ್ ಒಳ್ಳೆಯವೇ. ಆದರೆ ಸಿಂಕ್ ಅಂದರೆ ಎರಡು ಕಡೆ ಒಂದೇ ಥರ ಇರಿಸುವುದು. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಅಳಿದದ್ದು 30 ದಿನ ಅವುಗಳ ಕಸದ ಬುಟ್ಟಿಯಲ್ಲಿ ಇರುತ್ತದೆ, ಆಮೇಲೆ ಇಲ್ಲ. ಸುದ್ದಿಗೆ ಹಳೆಯ ಫೋಟೋ ಬೇಕಾಗುವುದು 30 ದಿನದೊಳಗೆ ಅಲ್ಲ, ಮೂರು ವರ್ಷದ ನಂತರ.

ನಾಲ್ಕನೆಯದು, “ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿದ್ದೇನಲ್ಲ.” ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಜೊತೆಗೆ ಕ್ಯಾಮೆರಾ ಫೈಲಿನೊಳಗೆ ಬರೆದಿಟ್ಟ ದಿನಾಂಕ, ಸಮಯ, ಜಿಪಿಎಸ್ ಸ್ಥಳದ ವಿವರ ಕಳಚಿಹೋಗುತ್ತದೆ. ಅಜ್ಜಿಯ ಮನೆಯಂಥ ಪ್ರಕರಣದಲ್ಲಿ ಆ ವಿವರವೇ ಮುಖ್ಯ. ಕಳಿಸಲೇಬೇಕಿದ್ದರೆ ‘ಡಾಕ್ಯುಮೆಂಟ್’ ಎಂದು ಆಯ್ದು ಕಳಿಸಿ, ಫೈಲು ಇದ್ದ ಹಾಗೇ ಹೋಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಡಿಜಿಟಲ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಒಂದು ಪಿಕ್ಸೆಲ್ ಬದಲಾದರೂ ಹ್ಯಾಶ್ ಬದಲಾಗುತ್ತದೆ. ಆದ್ದರಿಂದ ಮೂಲ ಫೈಲನ್ನು ಮುಟ್ಟದೆ ಕಾಪಾಡುವುದು ಇನ್ನು ಮುಂದೆ ನಮ್ಮ ಕಸುಬಿನ ಭಾಗವೇ.

ಐದನೆಯದು, “ಅಳಿದರೂ ರಿಕವರಿ ಮಾಡಿಸಬಹುದು.” ಅಜ್ಜಿ ಹೋದ ಮೇಲೆ ನಾವೂ ಇದನ್ನೇ ನಂಬಿ ಓಡಾಡಿದೆವು. ಹಾರ್ಡ್ ಡಿಸ್ಕಿನಲ್ಲಿ ಫೈಲು ಅಳಿಸುವುದು ಪುಸ್ತಕದ ಪರಿವಿಡಿಯಿಂದ ಹೆಸರು ಹೊಡೆದ ಹಾಗೆ. ಪುಟ ಅಲ್ಲೇ ಇರುತ್ತದೆ, ಆದರೆ ಅದರ ಮೇಲೆ ಬೇರೆ ಬರೆಯಬಹುದು ಎಂದು ಗುರುತಾಗಿರುತ್ತದೆ. ಅಳಿಸಿದ್ದು ಗೊತ್ತಾದ ಕ್ಷಣವೇ ಕಂಪ್ಯೂಟರ್ ಬಳಸುವುದು ನಿಲ್ಲಿಸಿದರೆ ಸಿಗುವ ಸಾಧ್ಯತೆ ಇರುತ್ತದೆ. ನಾವು ಮೂರು ವಾರ ಅದರಲ್ಲೇ ಸುದ್ದಿ ಟೈಪು ಮಾಡಿ, ವಿಡಿಯೋ ಇಳಿಸಿ ಬರೆದ ಮೇಲೆ ಬರೆದಿದ್ದೆವು. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಹಾಕಿಸಿದಾಗ ಹೆಸರಿಲ್ಲದ ಒಂದಷ್ಟು ಚಿತ್ರಗಳು ಬಂದವು. ಕೆಲವು ಅರ್ಧ ಬೂದು ಬಣ್ಣ. ನಮಗೆ ಬೇಕಾದದ್ದು ಅವುಗಳಲ್ಲಿ ಇರಲಿಲ್ಲ. ಈಗಿನ ಲ್ಯಾಪ್‌ಟಾಪುಗಳಲ್ಲಿ ಎಸ್‌ಎಸ್‌ಡಿ ಇರುತ್ತದೆ. ಅಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ತಾನೇ ಬರಿದು ಮಾಡಿಬಿಡುವುದರಿಂದ ಆ ಆಸೆಯೂ ಕಡಿಮೆ.

ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. 1998ರಲ್ಲಿ ಪಿಕ್ಸಾರ್ ಸ್ಟುಡಿಯೋದಲ್ಲಿ ‘ಟಾಯ್ ಸ್ಟೋರಿ 2’ ಚಿತ್ರ ತಯಾರಾಗುತ್ತಿದ್ದಾಗ ತಪ್ಪು ಆದೇಶವೊಂದರಿಂದ ಚಿತ್ರದ ಬಹುಪಾಲು ಫೈಲುಗಳು ಅಳಿದುಹೋದವು. ಬ್ಯಾಕಪ್ ಇತ್ತು, ಆದರೆ ಅದು ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದು ಬೇಕಾದಾಗಲೇ ತಿಳಿಯಿತು. ಬಾಣಂತನ ಮುಗಿಸಿ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್‌ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು, ಚಿತ್ರ ಉಳಿಯಿತು. ನಾವು ಇದರಿಂದ ಎರಡು ಮಾತು ಹಿಡಿದುಕೊಂಡಿದ್ದೇವೆ. ಒಂದು ಪ್ರತಿ ಬೇರೆ ಸೂರಿನ ಕೆಳಗೆ ಇರಬೇಕು. ಮತ್ತು ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬಾರದು.

ಕಂಪ್ಯೂಟರ್ ಬಲ್ಲವರು ಇದನ್ನೇ 3-2-1 ಸೂತ್ರ ಎನ್ನುತ್ತಾರೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ನಾವು ಮೂವರು ತಲಾ ಒಂದೂವರೆ ಸಾವಿರ ಹಾಕಿ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಂಡೆವು. ಕಂಪ್ಯೂಟರಿನಲ್ಲಿ ಒಂದು ಪ್ರತಿ, ಆ ಡಿಸ್ಕಿನಲ್ಲಿ ಒಂದು, ಬಹಳ ಮುಖ್ಯವಾದವು ಮಾತ್ರ ಗೂಗಲ್‌ನ 15 ಜಿಬಿ ಉಚಿತ ಜಾಗದಲ್ಲಿ. ಅಲ್ಲಿಗೆ ವೆಬ್‌ಸೈಟಿನಿಂದ ನೇರ ಅಪ್‌ಲೋಡ್ ಮಾಡುತ್ತೇವೆ, ಸಿಂಕ್ ಫೋಲ್ಡರ್ ಇಟ್ಟುಕೊಂಡಿಲ್ಲ. ಡಿಸ್ಕ್ ಕೋಣೆಯಲ್ಲಿ ಇರುವುದಿಲ್ಲ, ನಮ್ಮಲ್ಲೊಬ್ಬರ ಮನೆಯ ಬೀರುವಿನಲ್ಲಿ ಇರುತ್ತದೆ. ಸದಾ ಸಿಕ್ಕಿಸಿಟ್ಟರೆ ಕಂಪ್ಯೂಟರಿಗೆ ಬಂದ ವೈರಸ್ ಅದಕ್ಕೂ ಬರುತ್ತದೆ.

ಈಗ ಕ್ಲೀನ್ ಮಾಡಬೇಕಾದಾಗ ನಮ್ಮ ಕ್ರಮ ಇದು. ಮೊದಲು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ನಾಲ್ಕನ್ನೂ ನೋಡುತ್ತೇವೆ. ಸಾಮಾನ್ಯವಾಗಿ ಇವೆಲ್ಲ ಸಿ ಡ್ರೈವ್‌ನಲ್ಲೇ ಇರುತ್ತವೆ, ಡೆಸ್ಕ್‌ಟಾಪ್ ಕೂಡ. ರೀಸೈಕಲ್ ಬಿನ್ ತೆರೆದು ಒಮ್ಮೆ ಕಣ್ಣಾಡಿಸುತ್ತೇವೆ. ಬೇಕಾದದ್ದನ್ನೆಲ್ಲ ಹೊರಗಿನ ಡಿಸ್ಕಿಗೆ ‘ಕಾಪಿ’ ಮಾಡುತ್ತೇವೆ, ‘ಕಟ್’ ಮಾಡುವುದಿಲ್ಲ. ನಡುವೆ ಕರೆಂಟು ಹೋದರೆ ಮೂಲವಾದರೂ ಉಳಿಯಲಿ ಎಂದು. ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ತಾಳೆ ನೋಡುತ್ತೇವೆ. ಪ್ರತಿಯಿಂದ ನಾಲ್ಕು ಫೋಟೋ, ಎರಡು ಆಡಿಯೋ, ಒಂದು ನುಡಿ ಫೈಲು ತೆರೆದು ನೋಡುತ್ತೇವೆ. ಬ್ರೌಸರ್‌ನ ಪಾಸ್‌ವರ್ಡುಗಳನ್ನು ಬೇರೆ ಕಡೆ ಬರೆದಿಡುತ್ತೇವೆ. ಡಿಸ್ಕ್ ಕಳಚಿದ ಮೇಲೆಯೇ ವಿಂಡೋಸ್‌ನ ಸ್ವಂತ ಕ್ಲೀನಪ್ ತೆರೆದು, ಒಂದೊಂದು ಚೌಕ ಓದಿ, ತಿಳಿಯದ್ದಕ್ಕೆ ಟಿಕ್ ಹಾಕದೆ ಮುಂದೆ ಹೋಗುತ್ತೇವೆ. ಎಲ್ಲ ಸೇರಿ ಒಂದು ಬೆಳಗ್ಗೆಯ ಕೆಲಸ.

ಇಷ್ಟು ಮಾಡಿದ ಮೇಲೆ ನಮಗೆ ತಿಳಿದದ್ದು ಇನ್ನೊಂದಿದೆ. ಕಂಪ್ಯೂಟರ್ ನಿಧಾನವಾಗಲು ಕಸ ಕಾರಣವೇ ಆಗಿರಲಿಲ್ಲ. ರ‍್ಯಾಮ್ ಕಡಿಮೆ ಇತ್ತು, ಶುರುವಿಗೇ ಹತ್ತಾರು ಪ್ರೋಗ್ರಾಂ ತೆರೆದುಕೊಳ್ಳುತ್ತಿದ್ದವು. ಅವನ್ನು ಸ್ಟಾರ್ಟಪ್ ಪಟ್ಟಿಯಿಂದ ತೆಗೆದು, ರ‍್ಯಾಮ್ ಹಾಕಿಸಿದ ಮೇಲೆ ಅದೇ ಯಂತ್ರ ಚೆನ್ನಾಗಿ ನಡೆಯಿತು. ಒಂದು ಕ್ಲಿಕ್ಕಿನಲ್ಲಿ ವೇಗ ಎಂಬ ಆಸೆಗೆ ಇನ್ನೂರು ಫೋಟೋ ಕೊಟ್ಟಿದ್ದೆವು.

ಇದರಲ್ಲಿ ನಮ್ಮ ತಪ್ಪು ನಮ್ಮದೇ. ಆದರೂ ಉಳಿದವರಿಗೂ ಎರಡು ಮಾತು ಹೇಳಬೇಕು. ರಿಪೇರಿ ಅಂಗಡಿಯವರಲ್ಲಿ ಎಷ್ಟೋ ಮಂದಿ ಕಂಪ್ಯೂಟರ್ ಕೈಗೆ ಬಂದ ಕೂಡಲೇ “ಫಾರ್ಮ್ಯಾಟ್ ಹೊಡೆದು ಕೊಡ್ತೀನಿ ಸರ್” ಅನ್ನುತ್ತಾರೆ. ಅದಕ್ಕೆ ಮುಂಚೆ “ಡೇಟಾ ಏನೇನು ಬೇಕು, ಎಲ್ಲಿದೆ?” ಎಂದು ಕೇಳಿ ಚೀಟಿಯ ಮೇಲೆ ಬರೆದುಕೊಳ್ಳುವುದು ರೂಢಿಯಾಗಬೇಕು. ಕೇಳದಿದ್ದರೆ ನಾವೇ ಬರೆದು ಕೊಡಬೇಕು.

ಪತ್ರಿಕೆಗಳ ಹೊಣೆ ಇನ್ನೂ ದೊಡ್ಡದು. ಸ್ಟ್ರಿಂಗರ್‌ಗೆ ಸಿಗುವುದು ಅಚ್ಚಾದ ಸುದ್ದಿಯ ಲೆಕ್ಕ. ಕಂಪ್ಯೂಟರ್ ನಮ್ಮದು, ಫೋನ್ ನಮ್ಮದು, ಡಿಸ್ಕೂ ನಮ್ಮದು. ಅಚ್ಚಾದ ಒಂದು ಫೋಟೋ ಪತ್ರಿಕೆಯಲ್ಲಿ ಉಳಿಯುತ್ತದೆ, ಅಚ್ಚಾಗದ ನೂರಾ ತೊಂಬತ್ತೊಂಬತ್ತು ನಮ್ಮ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದರೆ ಉಳಿದವು. ನೆರೆ, ಬರ, ಮುಳುಗಡೆ, ಗ್ರಾಮಸಭೆಯ ಜಗಳ, ಹಾಡುವ ಅಜ್ಜಿಯರ ದನಿ, ಇವುಗಳ ದಾಖಲೆ ಬೇರೆಲ್ಲೂ ಇರುವುದಿಲ್ಲ. ಪ್ರತಿ ಜಿಲ್ಲೆಯ ಸ್ಟ್ರಿಂಗರ್‌ಗಳಿಗೆ ಮೂಲ ಫೈಲು ಇಡಲು ಸರ್ವರ್‌ನಲ್ಲಿ ಒಂದಷ್ಟು ಜಾಗ ಕೊಡುವುದು ಪತ್ರಿಕೆಗೆ ದೊಡ್ಡ ಖರ್ಚೇನಲ್ಲ. ನಮಗೆ ಡಿಪ್ಲೊಮಾದಲ್ಲಿ ಲೀಡ್ ಬರೆಯುವುದು ಕಲಿಸಿದರು, ತಲೆಬರಹ ಕೊಡುವುದು ಕಲಿಸಿದರು. ತೆಗೆದ ಫೋಟೋವನ್ನು ಐದು ವರ್ಷ ಕಾಯುವುದು ಹೇಗೆ ಎಂದು ಒಂದು ತಾಸೂ ಪಾಠ ಇರಲಿಲ್ಲ. ಈಗ ಕಲಿಸುತ್ತಿರುವ ಗೆಳೆಯರು ಇದನ್ನು ಸೇರಿಸಬೇಕು.

ಆಮೇಲೆ ನಾವು ಒಂದು ರೂಢಿ ಮಾಡಿಕೊಂಡಿದ್ದೇವೆ. ಬಿದ್ದ ಮನೆ, ಒಣಗಿದ ಬೆಳೆ, ಸತ್ತ ದನದ ಫೋಟೋ ತೆಗೆದರೆ ಅಲ್ಲೇ ನಿಂತು ಮನೆಯವರ ಫೋನಿಗೆ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಬರುತ್ತೇವೆ. ಫೋಟೋ ನಮ್ಮದಾದರೂ ಮನೆ ಅವರದು, ಒಂದು ಪ್ರತಿ ಅವರ ಹತ್ತಿರ ಇರಲಿ. 2019ರಲ್ಲಿ ಅಷ್ಟು ಮಾಡಿದ್ದರೆ ಅಜ್ಜಿ ಬಸ್ಸಿಗೆ ದುಡ್ಡು ಹಾಕಿಕೊಂಡು ನಮ್ಮ ಕೋಣೆ ತನಕ ಬರುವ ಅಗತ್ಯವೇ ಇರುತ್ತಿರಲಿಲ್ಲ.

ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್ ಒಮ್ಮೆ ತೆರೆಯಿರಿ. ಅದರಲ್ಲಿ ಯಾರ ಮನೆಯ ಫೋಟೋ ಇದೆ ನೋಡಿ.